ಏಡನ್ನಿನಲ್ಲಿ ನಾಲ್ಕೂವರೆ ತಾಸು

1952ರ ಅಕ್ಟೋಬರ್ 11, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಹಡಗು ಏಡನ್ ಬಂದರಿನಲ್ಲಿ ಲಂಗರು ಇಳಿಸಿತು. ಮುಂಬಯಿ ಬಿಟ್ಟು ಅದು ಐದನೆಯ ದಿನ. ಎಂಜಿನ್ನಿನ ಸದ್ದು ನಿಂತ ಕೂಡಲೇ ಶಿವರಾಜಪ್ಪನಿಗೆ ತನ್ನ ಎದೆಬಡಿತ ಕೇಳಿಸತೊಡಗಿತು. ಕೈಗಡಿಯಾರ ನೋಡಿ ಎಣಿಸಿದ: ನಿಮಿಷಕ್ಕೆ ತೊಂಬತ್ತಾರು. ಕೆಳಗೆ ನೀರು ಅಲುಗದೆ ಎಣ್ಣೆಯ ಬಣ್ಣ ಹೊತ್ತು ನಿಂತಿತ್ತು. ಎದುರಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಪ್ಪು ಬೆಟ್ಟ, ಅದರ ಬುಡದಲ್ಲಿ ಬಿಳಿಯ ಮನೆಗಳು. ಊಟದ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಹಡಗು ಎಣ್ಣೆ ತುಂಬಿಸಿಕೊಂಡು ಹೊರಡಲು ನಾಲ್ಕೂವರೆ ತಾಸು ಹಿಡಿಯುತ್ತದೆ, ಊರು ನೋಡಬಯಸುವವರು ಇಳಿಯಬಹುದು, ಕೊನೆಯ ಲಾಂಚು ಹನ್ನೆರಡೂವರೆಗೆ ಧಕ್ಕೆ ಬಿಡುತ್ತದೆ. ಈ ನಾಲ್ಕೂವರೆ ತಾಸಿಗಾಗಿಯೇ ತಾನು ಈ ಹಡಗು ಹತ್ತಿದ್ದು, ಇಂಗ್ಲೆಂಡಿನ ಎರಡು ವರ್ಷದ ಓದು ನೆಪವಷ್ಟೇ ಎಂದು ಅವನು ಐದು ದಿನ ತನಗೆ ತಾನೇ ಹೇಳಿಕೊಂಡಿದ್ದ. ಹೇಳಬೇಕಾದ ಮಾತನ್ನೂ ಕಟ್ಟಿಟ್ಟುಕೊಂಡಿದ್ದ. ‘ನಜಮೋದ್ದೀನ ಚಾಚಾ ಜ್ವರದಿಂದ ಸಾಯಲಿಲ್ಲ.’ ಅದು ಮೊದಲನೆಯ ವಾಕ್ಯ. ಎರಡನೆಯದನ್ನು ಕಟ್ಟಲು ಕುಳಿತಾಗಲೆಲ್ಲ ಊಟದ ಗಂಟೆ ಬಾರಿಸುತ್ತಿತ್ತು, ಇಲ್ಲವೆ ಹೊಟ್ಟೆ ತೊಳಸುತ್ತಿತ್ತು, ಇಲ್ಲವೆ ನಿದ್ದೆ ಬರುತ್ತಿತ್ತು. ಅಪರಾಧಿಗಳಿಗೆ ನಿದ್ದೆ ಬರುವುದಿಲ್ಲ ಎನ್ನುವುದು ಸುಳ್ಳು. ಅವನಿಗೆ ಬರುತ್ತಿತ್ತು, ಕಲ್ಲು ನೀರಿಗೆ ಬಿದ್ದ ಹಾಗೆ.

ಜೇಬಿನಲ್ಲಿ ಯುನುಸನ ಕಾಗದವಿತ್ತು. ಭಾಲ್ಕಿಯ ಒಂದೇ ಓಣಿಯಲ್ಲಿ ಎದುರುಬದುರು ಮನೆ, ಒಂದೇ ಸಾಲೆ, ಒಂದೇ ಬಾವಿಯಲ್ಲಿ ಈಜು. ‘ಹಡಗು ಬಂದ ದಿನ ಒಂಬತ್ತಕ್ಕೆ ಧಕ್ಕೆಯ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಅಮ್ಮಿ ನಿನ್ನನ್ನು ನೋಡಬೇಕೆನ್ನುತ್ತಾಳೆ’ ಎಂದು ಉರ್ದುವಿನಲ್ಲಿ ಬರೆದಿದ್ದ. ಭಾಲ್ಕಿಯ ಸಾಲೆಯಲ್ಲಿ ಇಬ್ಬರೂ ಕಲಿತದ್ದು ಅದನ್ನೇ. ಯುನುಸನ ಮುತ್ತಜ್ಜ ಎಂದೋ ಅರಬಸ್ತಾನದಿಂದ ನಿಜಾಮನ ಚಾಕರಿಗೆ ಬಂದವನು. ಅಷ್ಟು ಸಾಕಾಯಿತು. 1948ರಲ್ಲಿ ಹಿಂದೂಸ್ತಾನದ ಫೌಜು ಬಂದು ನಿಜಾಮನ ಆಳ್ವಿಕೆ ಮುಗಿದ ಮೇಲೆ ಅರಬರನ್ನೆಲ್ಲ ಅವರ ಮುಲುಕಿಗೆ ಕಳಿಸಬೇಕೆಂದು ಆದೇಶವಾಗಿ, ಅರಬ್ಬಿಯಲ್ಲಿ ನೀರು ಕೇಳಲೂ ಬಾರದ ಯುನುಸನನ್ನೂ, ಔರಾದದ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಅವನ ತಾಯಿ ಜಾಹೇದಾಳನ್ನೂ ಬೀದರಿನ ಹೊರಗೆ ಡೇರೆಗಳಲ್ಲಿ ಕೂಡಿಹಾಕಿ, ಅಲ್ಲಿಂದ ರೈಲಿಗೆ, ರೈಲಿನಿಂದ ಹಡಗಿಗೆ ತುಂಬಿದರು. ಅದಕ್ಕೆ ಮೊದಲು ಒಂದು ದಿನ ಶಿವರಾಜಪ್ಪ ಭಾಲ್ಕಿಯಿಂದ ಹೋಗಿ ತಂತಿಬೇಲಿಯ ಈಚೆ ನಿಂತಿದ್ದ. ಆಚೆ ಜಾಹೇದಾ ಚಾಚಿ ಕೇಳಿದ್ದು ಒಂದೇ. ಅವಳ ಗಂಡ ನಜಮೋದ್ದೀನ ಎಲ್ಲಿ? ‘ಜ್ವರ ಬಂದು ತೀರಿಕೊಂಡ್ರು ಚಾಚಿ, ನಮ್ಮ ಮನ್ಯಾಗೇ. ದರ್ಗಾದ ಬಾಜೂ ಮಣ್ಣು ಕೊಟ್ಟೇವಿ’ ಎಂದು ಅವನು ಹೇಳಿದ. ಅವಳು ತಂತಿಯ ಸಂದಿಯಿಂದ ಬೆರಳು ತೂರಿಸಿ ಅವನ ಕೈ ಮುಟ್ಟಿದಳು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು.

ಲಾಂಚಿನಲ್ಲಿ ಪಕ್ಕಕ್ಕೆ ಬಂದು ಕುಳಿತವರು ಕೌಸಲ್ಯಾಬಾಯಿ. ಬೀದರಿನ ವಕೀಲರೊಬ್ಬರ ಸೊಸೆ, ಲಂಡನ್ನಿನಲ್ಲಿ ಓದುತ್ತಿದ್ದ ಗಂಡನ ಬಳಿಗೆ ಎರಡು ಭರಣಿ ಉಪ್ಪಿನಕಾಯಿಯೊಂದಿಗೆ ಹೊರಟಿದ್ದರು. ಹಡಗಿನಲ್ಲಿ ತಮ್ಮ ಸೀಮೆಯ ಮಾತು ಆಡುವವನು ಇವನೊಬ್ಬನೇ ಎಂದು ತಿಳಿದಂದಿನಿಂದ ಅವನನ್ನು ಬಿಟ್ಟಿರಲಿಲ್ಲ.

“ಏನ್ರಿ ಶಿವರಾಜಪ್ಪನವರ, ಮಾರಿ ಯಾಕ ಹಿಂಗ ಬಿಳಚಿಕೊಂಡದ? ನಡಿಯೋ ಹಡಗದಾಗ ಎಲ್ಲಾರ್ಗೂ ಹೊಟ್ಟಿ ತೊಳಸ್ತದ, ನಿಂತ ಹಡಗದಾಗ ತೊಳಸೋದು ನಿಮಗೊಬ್ಬರಿಗೇ ನೋಡ್ರಿ.”

“ಏನಿಲ್ರಿ ಬಾಯಾರ. ಬಿಸಲು.”

“ಬಿಸಲಿಗಿ ಬೀದರದವರು ಅಂಜಿದ್ರ ಹ್ಯಾಂಗ್ರಿ? ತಗೋರಿ, ಛತ್ರಿ ಹಿಡೀರಿ, ನಿಮಗೂ ಆತದ ನನಗೂ ಆತದ.”

ಹಿಡಿದ. ಧಕ್ಕೆ ಹತ್ತಿರವಾಗುತ್ತಿದ್ದಂತೆ ಮೆಟ್ಟಿಲ ಮೇಲೆ ನಿಂತವನು ಕಂಡ. ತೆಳ್ಳಗಾಗಿದ್ದ, ಕಪ್ಪಾಗಿದ್ದ, ಸೊಂಟಕ್ಕೆ ಪಟ್ಟೆ ಲುಂಗಿ ಸುತ್ತಿದ್ದ. ಆದರೆ ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಮಡಿಸಿ ನಿಲ್ಲುವ ಅದೇ ಕೊಕ್ಕರೆಯ ನಿಲುವು. ಯುನುಸ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಆಗ ನಡೆದದ್ದನ್ನು ಶಿವರಾಜಪ್ಪ ಆಮೇಲೆ ಬೇರೆ ಯಾರೋ ಮಾಡಿದ್ದೆಂಬಂತೆ ನೆನೆದ: ಛತ್ರಿಯ ಕೋಲು ತಾನಾಗಿ ಓರೆಯಾಯಿತು, ಕರಿಯ ಬಟ್ಟೆ ಅವನ ಮುಖಕ್ಕೂ ಮೆಟ್ಟಿಲಿಗೂ ನಡುವೆ ಬಂತು, ಅವನು ಕೌಸಲ್ಯಾಬಾಯಿಯ ಸೆರಗಿನ ಮರೆಯಲ್ಲಿ, ಹೆಂಗಸರ ಗುಂಪಿನೊಳಗೆ, ತಲೆ ತಗ್ಗಿಸಿ ಹತ್ತಿದ. ಯುನುಸನ ಪಾದದ ಹೆಬ್ಬೆರಳು ಛತ್ರಿಯ ಅಂಚಿನ ಕೆಳಗೆ ಕಂಡಿತು, ಉಗುರು ಕಪ್ಪುಗಟ್ಟಿತ್ತು. ಒಂದು ಮೊಳದ ಅಂತರ. ಪ್ರವಾಸಿಗರಿಗೆಂದು ಸಾಲಾಗಿ ನಿಂತಿದ್ದ ಮೋಟಾರುಗಳಲ್ಲಿ ಮೊದಲನೆಯದರ ಹಿಂದಿನ ಸೀಟಿಗೆ ಅವನು ನುಗ್ಗಿ ಕುಳಿತಾಗ ಬಾಯಿಯವರು ನಕ್ಕರು. “ಊರು ನೋಡೋ ಗಡಬಡಿ ನೋಡ್ರಿ ಇವರದು! ಹೆಂಗಸರಿಗಿಂತ ಮೊದಲ ಹತ್ತಿ ಕುಂತಾರ.”

ಮೋಟಾರು ಅಂಗಡಿಗಳ ಮುಂದೆ ನಿಂತಿತು. ಅವನು ಇಳಿದ. ಬೇಡದ ಒಂದು ಫೌಂಟನ್ ಪೆನ್ನಿನ ನಿಬ್ಬನ್ನು ಬೆರಳಿನ ಉಗುರಿಗೆ ಒತ್ತಿ ಪರೀಕ್ಷಿಸಿದ. ಪ್ರತಿ ನಿಮಿಷವೂ ತನ್ನನ್ನು ಹಡಗಿನ ಕಡೆಗೆ ತಳ್ಳುತ್ತಿದೆ, ಏನನ್ನೂ ಮಾಡದೆ ಇದ್ದರೂ ಸಾಕು, ಹನ್ನೆರಡೂವರೆ ತಾನಾಗಿ ಬರುತ್ತದೆ ಎಂಬುದು ಅವನಿಗೆ ಎಷ್ಟು ಹಾಯೆನಿಸಿತೆಂದರೆ ತನ್ನ ಮೇಲೆ ಹೇಸಿಗೆಯಾಯಿತು. ಚಾಚಾ ಸತ್ತ ದಿನವೂ ಹೀಗೆಯೇ, ಮಾಡಬೇಕಾದದ್ದನ್ನು ಮಾಡದೆ ಗಡಿಯಾರ ನೋಡುತ್ತ ಹೊತ್ತು ಕಳೆದಿದ್ದ. ಒಂದು ಹೋಟೆಲಿನಲ್ಲಿ ಮತ್ಸ್ಯಕನ್ಯೆಯನ್ನು ತೋರಿಸುತ್ತಾರೆಂದು ಚಾಲಕ ಹೇಳಿದ. ಗಾಜಿನ ಪೆಟ್ಟಿಗೆಯಲ್ಲಿ ಒಣಗಿ ಕಂದುಗಟ್ಟಿದ ಒಂದು ಪ್ರಾಣಿ ಮಲಗಿತ್ತು: ಕಡಲಹಸು, ಸಸ್ತನಿ. ಪುಸ್ತಕದ ಚಿತ್ರದಿಂದ ಅವನು ಕೂಡಲೇ ಗುರುತಿಸಿದ. ಕುತ್ತಿಗೆಯ ಹತ್ತಿರ ಹೊಲಿಗೆ ಬಿಚ್ಚಿ ಒಳಗಿನ ಹುಲ್ಲು ಹೊರಬಂದಿತ್ತು.

“ಇದು ಮತ್ಸ್ಯಕನ್ಯೆ ಅಂತ!” ಎಂದರು ಕೌಸಲ್ಯಾಬಾಯಿ. “ನಮ್ಮ ಅತ್ತಿ ಮುಂಜಾನಿ ಎದ್ದು ತಲಿ ಬಿಟ್ಟುಕೊಂಡು ಕುಂತ್ರ ಇದಕ್ಕಿಂತ ಛಲೋ ಕಾಣ್ತಾರ. ಅಲ್ರಿ, ನೀವು ಸೈನ್ಸು ಕಲತವರು. ಖರೇ ಏನ್ರಿ ಇದು?”

“ಇದ್ದದ್ದು ಖರೇ ರಿ. ಹೆಸರು ಸುಳ್ಳು.”

ಹೇಳಿ ಅವನು ಪೆಟ್ಟಿಗೆಯಿಂದ ಹಿಂದೆ ಸರಿದ. ಕಳೆದ ವರ್ಷ ಹೈದರಾಬಾದಿನಲ್ಲಿ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕುಳಿತಿದ್ದ ಮೂವರು ದೊಡ್ಡ ಮನುಷ್ಯರು ಅವನ ಪ್ರಬಂಧವನ್ನು ಮುಂದಿಟ್ಟುಕೊಂಡಿದ್ದರು: ‘ನೆಲದೊಳಗಿನ ಹಗೇವುಗಳಲ್ಲಿ ಇಂಗಾಲಾಮ್ಲ ವಾಯುವಿನ ಶೇಖರಣೆ’. ಬೀದರ ತಾಲ್ಲೂಕಿನ ಮನ್ನಳ್ಳಿಯಿಂದ ಔರಾದದವರೆಗೆ ನಲವತ್ತೊಂದು ಹಗೇವುಗಳ ಗಾಳಿಯನ್ನು ಬಾಟಲಿಯಲ್ಲಿ ಹಿಡಿದು ಸುಣ್ಣದ ನೀರಿನಲ್ಲಿ ಅಳೆದಿದ್ದ. ಜೋಳ ಸತ್ತ ಕಾಳಲ್ಲ, ಉಸಿರಾಡುತ್ತದೆ. ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿ, ಸಣ್ಣ ಬಾಯಿ ಇಟ್ಟು, ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಹಗೇವಿನಲ್ಲಿ ಅದು ಒಳಗಿನ ಗಾಳಿಯನ್ನೆಲ್ಲ ಕುಡಿದು ವಿಷವನ್ನು ಬಿಡುತ್ತದೆ. ತಳದಲ್ಲಿ ನಾಲ್ಕು ಸೇರು ತೇವದ ಕಾಳು ಉಳಿದಿದ್ದರೂ ಸಾಕು. ವಿಷವಾಯು ಗಾಳಿಗಿಂತ ಭಾರ. ಬಾಯಿ ತೆರೆದರೂ ಮೇಲೇಳದೆ ನೀರಿನ ಹಾಗೆ ತುಂಬಿ ನಿಲ್ಲುತ್ತದೆ. ಇದು ಒಕ್ಕಲಿಗರಿಗೆ ಹೊಸದಲ್ಲ. ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಅವನು ಮಾಡಿದ್ದು ಅದಕ್ಕೆ ಅಂಕಿ ಹಚ್ಚುವುದಷ್ಟೇ. ‘ಈ ವಿಷಯ ಹೊಳೆದದ್ದು ಹೇಗೆ?’ ಎಂದು ಮೂವರಲ್ಲಿ ಒಬ್ಬರು ಮೆಚ್ಚಿ ಕೇಳಿದಾಗ, ‘ನಮ್ಮ ಮನೆಯಲ್ಲೂ ಒಂದು ಹಗೇವು ಇತ್ತು, ಸರ್’ ಎಂದಿದ್ದ. ಅವರು ತಲೆದೂಗಿದರು. ನೋಡಿ, ವಿಜ್ಞಾನ ಹೀಗೆ ಮನೆಯಂಗಳದಿಂದ ಹುಟ್ಟಬೇಕು, ಎಂದರು.

ಹತ್ತೂವರೆಗೆ ಮೋಟಾರು ಬೆಟ್ಟದ ಕಣಿವೆ ದಾಟಿ, ಸುತ್ತಲೂ ಕರಿಬಂಡೆ ಎದ್ದ ಬಟ್ಟಲಿನಂಥ ಹಳೆಯ ಊರಿಗೆ ಇಳಿದು, ಅದರ ಕೊನೆಯಲ್ಲಿ ನಿಂತಿತು. ಇಲ್ಲಿಯ ದೊಡ್ಡ ನೋಟ ಇದೇ ಅಂತೆ. ಬೆಟ್ಟದ ಸೀಳಿನಲ್ಲಿ ಬಂಡೆ ಕಡಿದು, ಗಾರೆ ಬಳಿದು, ಮಳೆನೀರು ಹಿಡಿಯಲು ಒಂದರ ಕೆಳಗೊಂದು ಮಾಡಿದ ಪುರಾತನ ಕುಂಡಗಳು. ಯಾರು ಕಟ್ಟಿದರೋ ಗೊತ್ತಿಲ್ಲ; ಮಳೆ ಬಂದು ಎಷ್ಟು ವರ್ಷವಾಯಿತೋ ಅದೂ ಗೊತ್ತಿಲ್ಲ. ಎಲ್ಲವೂ ಬರಿದು. ಬಿಳಿ ಅಂಗಿಯ ಪ್ರವಾಸಿಗರು ಕಟ್ಟೆಯ ಮೇಲೆ ಬಗ್ಗಿ ಫೋಟೋ ತೆಗೆದರು, ಕೂಗಿ ಪ್ರತಿಧ್ವನಿ ಕೇಳಿದರು. ಅವನೂ ಬಗ್ಗಿದ. ನುಣುಪಾದ ದುಂಡನೆಯ ಗೋಡೆ ಕೆಳಕ್ಕಿಳಿದು ನೆರಳಿನಲ್ಲಿ ಮುಗಿದಿತ್ತು, ತಳದಿಂದ ಹಳಸಿದ ತಂಪು ಮೇಲೇರಿ ಮುಖಕ್ಕೆ ತಾಕಿತು, ಮತ್ತು ಅವನು ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಭಾಲ್ಕಿಯ ಮನೆಯಂಗಳದಲ್ಲಿ ಅಪ್ಪ ಮನ್ಮಥಪ್ಪ ಹಗೇವಿನ ಬಾಯಿಯ ಮಣ್ಣು ಕೆದರಿ ಕಲ್ಲು ಸರಿಸುತ್ತಿದ್ದಾನೆ. ಅವ್ವ ಗುರಮ್ಮ ತಲೆಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಫೌಜು ಬೀದರಿಗೆ ಬಂದ ಮೂರನೆಯ ದಿನ, ಮಧ್ಯಾಹ್ನ; ಓಣಿಯ ಆ ತುದಿಯಲ್ಲಿ ಕೊಡಲಿ ಹಿಡಿದವರು ಮುಸಲ್ಮಾನರನ್ನು ಹುಡುಕುತ್ತ ಮನೆಮನೆ ಹೊಕ್ಕು ನೋಡುತ್ತಿದ್ದಾರೆ. ಜಾಹೇದಾ ಔರಾದದ ತವರಿನಲ್ಲಿದ್ದಾಳೆ, ಯುನುಸ ಬೀದರಿನಲ್ಲಿ. ಹಿತ್ತಲ ಗೋಡೆ ಹಾರಿ ಬಂದ ನಜಮೋದ್ದೀನ ಚಾಚಾ, ಖಜಾನೆಯ ಪಹರೆಯ ಜಮಾದಾರ, ಹಿಂದಿನ ಬೇಸಿಗೆಯಲ್ಲಿ ರಜಾಕಾರರು ಈ ಓಣಿಗೆ ಬಂದಾಗ ಇದೇ ಹೊಸ್ತಿಲ ಮೇಲೆ ಖುರ್ಚಿ ಹಾಕಿಕೊಂಡು, ‘ಈ ಮನ್ಯಾಗ ಒದಿಯೋ ಎಮ್ಮಿ ಬಿಟ್ರ ಏನಿಲ್ರೋ, ಮುಂದ ಹೋಗ್ರಿ’ ಎಂದು ಅವರನ್ನು ನಗಿಸಿ ಕಳಿಸಿದವನು, ಈಗ ಹಗೇವಿನ ಬಾಯಿಯ ಅಂಚಿಗೆ ಕುಳಿತು, ಕಾಲು ಒಳಗಿಳಿಬಿಟ್ಟು, ಜೋಡು ಕಳಚಿ, ಎರಡನ್ನೂ ಸರಿಯಾಗಿ ಜೋಡಿಸಿಡುತ್ತಿದ್ದಾನೆ. ಶಿವರಾಜಪ್ಪನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕಂದೀಲು. ಅಭ್ಯಾಸಬಲದಿಂದ ಇಳಿಸಿದ. ಜ್ವಾಲೆ ಹಳದಿಯಾಯಿತು, ಗಿಡ್ಡವಾಯಿತು, ಯಾರೋ ಎರಡು ಬೆರಳಿನಿಂದ ಹಿಸುಕಿದ ಹಾಗೆ ಆರಿತು. ನೋಡಿದವನು ಅವನೊಬ್ಬನೇ.

‘ದೀಪ ಹ್ಯಾಂಗದೋ ಶಿವರಾಜ?’ ಚಾಚಾ ಕೇಳಿದ.

‘ಗಾಳಿಗಿ ಆರ್ತು ಚಾಚಾ. ಇಳೀರಿ. ಹತ್ತೇ ನಿಮಿಷ.’

ಗಾಳಿ ಇರಲಿಲ್ಲ. ಮೊದಲ ಕೆಲವು ತಿಂಗಳು ಅವನು ಗಾಳಿ ಇತ್ತೆಂದು ನಂಬಲು ನೋಡಿದ. ಹುಣಸೆಯ ಎಲೆ ಅಲುಗುತ್ತಿತ್ತೇ ಎಂದು ನೆನಪನ್ನು ಕೆದಕಿದ. ಅಲುಗುತ್ತಿರಲಿಲ್ಲ. ಆಮೇಲೆ, ಹತ್ತು ನಿಮಿಷ ಒಬ್ಬ ಮನುಷ್ಯ ತಡೆದಾನು ಎಂದು ತಾನು ಲೆಕ್ಕ ಹಾಕಿದ್ದೆ ಎಂದುಕೊಂಡ. ಲೆಕ್ಕ ಹಾಕಿದ್ದು ಆಮೇಲೆ, ಪ್ರಯೋಗಾಲಯದಲ್ಲಿ. ಆ ಹೊತ್ತಿನಲ್ಲಿ ಅವನ ತಲೆಯಲ್ಲಿದ್ದದ್ದು ಇಷ್ಟೇ: ಇವನು ಬೇಗ ಕಣ್ಣಿಗೆ ಕಾಣದಂತಾಗಲಿ. ಚಾಚಾ ಇಳಿದ, ಅಪ್ಪ ಮೇಲೆ ಕಲ್ಲು ಮುಚ್ಚಿದ. ಕೊಡಲಿಯವರು ಬಂದರು, ಒಳಗೆಲ್ಲ ನೋಡಿದರು, ಏನೂ ಸಿಗದೆ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕೇಳಿದರು. ಐವತ್ತು ನಿಮಿಷ. ಅವನೇ ತಂಬಿಗೆ ಹಿಡಿದು ಹೊಯ್ದ. ‘ಕಾಲೇಜ ಕಲತಾಂವ ಕೈ ಹ್ಯಾಂಗ ನಡಗಸ್ತಾನ ನೋಡ್ರೋ, ನೆಲಕ್ಕ ಕುಡಸ್ಲಿಕ್ಕತ್ತಾನ’ ಎಂದು ಒಬ್ಬ ನಕ್ಕ, ಅವನೂ ನಕ್ಕ. ಆ ನಗು ಅವನಿಗೆ ಚೆನ್ನಾಗಿ ನೆನಪಿದೆ. ಅವರು ಹೋದ ಮೇಲೆ ಕಲ್ಲು ಸರಿಸಿದಾಗ ಕೆಳಗಿನಿಂದ ಯಾರೂ ಓಗೊಡಲಿಲ್ಲ. ಮೇಲೆತ್ತಲು ಇಳಿಯುವವನೂ ಅಲ್ಲೇ ಉಳಿಯುತ್ತಾನೆಂದು ಅಪ್ಪ ಯಾರನ್ನೂ ಇಳಿಯಗೊಡಲಿಲ್ಲ. ಮೊದಲು ಓಣಿಯವರ ಭಯ. ಆಮೇಲೆ, ಇವರೇ ಕೊಂದು ಹಾಕಿದರೆಂದು ಫೌಜಿನವರು ಹಿಡಿದಾರೆಂಬ ಭಯ. ಎರಡು ದಿನ ಅಪ್ಪನೂ ಮಗನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಹನ್ನೊಂದು ಅಡಿಯ ಹಗೇವು ತುಂಬಿದರು. ಮಳೆನೀರು ಇಳಿದು ಕೆಟ್ಟಿತೆಂದು ಊರಿಗೆ ಹೇಳಿದರು. ಅವ್ವ ಅಂದಿನಿಂದ ಆ ಅಂಗಳದಲ್ಲಿ ಕುಳಿತು ಉಂಡಿಲ್ಲ.

“ಇಷ್ಟ ಬಗ್ಗಬ್ಯಾಡೋ, ಬಿದ್ದಿ. ನೀರಿಲ್ಲ ಒಳಗ, ಈಜ್ಲಿಕ್ಕ ಬರಂಗಿಲ್ಲ.”

ಕನ್ನಡ. ತಿರುಗುವ ಮೊದಲೇ ಯಾರೆಂದು ಗೊತ್ತಾಯಿತು. ಯುನುಸ ಕುಂಡದ ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ನಿಂತಿದ್ದ; ಅಂಗಿ ಬೆವತು ಮೈಗಂಟಿತ್ತು. ಧಕ್ಕೆಯಿಂದ ಇಲ್ಲಿಗೆ ಐದು ಮೈಲಿಯಾದರೂ ಇತ್ತು. ನಡೆದೇ ಬಂದಿರಬೇಕು.

“ನಿನ್ನ... ನಿನ್ನ ಧಕ್ಕ್ಯಾಗ ಹುಡಿಕಿದೆ,” ಎಂದ ಶಿವರಾಜಪ್ಪ.

“ಹೌದು. ಛತ್ರಿ ಒಳಗ ಹುಡಕ್ತಿದ್ದಿ. ಕಾಣ್ತು ನನಗ.” ಯುನುಸ ನಕ್ಕ. ಹಲ್ಲೊಂದು ಇರಲಿಲ್ಲ. “ಇರ್ಲಿ ಬಿಡು. ಸಾಹೇಬ ಮಂದಿ ಮುಂದ ಲುಂಗಿಯಾಂವ ಬಂದು ಕೊರಳಿಗಿ ಬಿದ್ರ ಹ್ಯಾಂಗ ಕಾಣ್ತದ? ನಾನೇ ಸರದ ನಿಂತೆ. ಹಡಗದಾಗಿಂದ ಇಳದವರ್ನ ಎಲ್ಲಾರ್ನೂ ಇಲ್ಲಿಗೇ ತಂದು ಖಾಲಿ ತೆಗ್ಗ ತೋರಸ್ತಾರ. ಎಲ್ಲಿಗಿ ಹೋಗ್ತಿ ನೀ? ನಡಿ, ಮನಿ ಇಲ್ಲೇ ಅದ. ಅಮ್ಮಿ ಮುಂಜಾನಿಂದ ಒಲಿ ಮುಂದ ಕುಂತಾಳ.”

ಅವನ ನಾಚಿಕೆಗೆ ಯುನುಸ ಬೇರೆ ಕಾರಣ ಕಟ್ಟಿಕೊಟ್ಟುಬಿಟ್ಟಿದ್ದ. ಲುಂಗಿ, ಸಾಹೇಬ, ಬಡತನ. ಅದಕ್ಕೆ ಅವನು ಕ್ಷಮಿಸಿಯೂ ಆಗಿತ್ತು. ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಒಳ್ಳೆಯದಿತ್ತು. ಕೌಸಲ್ಯಾಬಾಯಿ ದೂರದಿಂದ ಹಣೆಗೆ ಕೈ ಹಚ್ಚಿ ನೋಡಿದರು. “ಏನ್ರಿ, ಇಲ್ಲೂ ಬೀಗರು ಸಿಕ್ರೇನ್ರಿ? ಹನ್ನೆರಡೂವರಿ ಮರೀಬ್ಯಾಡ್ರಿ ಮತ್ತ, ಉಪ್ಪಿನಕಾಯಿ ಹಚ್ಕೊಂಡು ತಿನ್ನಲಿಕ್ಕ ನಾ ಒಬ್ಬಾಕಿನೇ ಉಳೀತೇನಿ!”

ಓಣಿ ಕಿರಿದಾಗಿತ್ತು, ಮನೆಗಳ ಬಿಳಿ ಸುಣ್ಣ ಕಣ್ಣು ಕುಕ್ಕುತ್ತಿತ್ತು. ಯುನುಸ ಮುಂದೆ ನಡೆಯುತ್ತ ಹೇಳುತ್ತಲೇ ಹೋದ: ಹಡಗುಗಳಿಗೆ ಎಣ್ಣೆ ತುಂಬುವ ಕೊಳವೆ ಜೋಡಿಸುವ ಕೆಲಸ, ಇಂದು ರಜೆ ಹಾಕಿದ್ದು, ಊರಿನ ಬಿಸಿಲು. “ಅಲ್ಲಿ ನಮಗ ಅರಬರು ಅಂದ್ರು. ಇಲ್ಲಿ ಹಿಂದಿಯವರು ಅಂತಾರ. ನಡಬರ್ಕ ಹಡಗದಾಗಷ್ಟ ನಮಗ ಏನೂ ಅನಲಿಲ್ಲ ನೋಡು, ಅಲ್ಲಿ ಎಲ್ಲಾರೂ ವಾಂತಿ ಮಾಡ್ಕೋತಿದ್ರು.” ಶಿವರಾಜಪ್ಪ ನಕ್ಕ. ತನ್ನ ನಗುವನ್ನು ತಾನೇ ಕೇಳಿಸಿಕೊಂಡ. ಮಜ್ಜಿಗೆ ಹೊಯ್ಯುವಾಗಿನ ಅದೇ ನಗು. ಹನ್ನೊಂದು ಗಂಟೆ ಐದು ನಿಮಿಷ. ‘ಜ್ವರದಿಂದ ಸಾಯಲಿಲ್ಲ’ ಎಂದು ಈ ಬೆನ್ನಿಗೆ ಈಗಲೇ ಹೇಳಬಹುದು. ಬೆನ್ನಿಗೆ ಹೇಳುವುದು ಸುಲಭ. ಬೆನ್ನು ಒಂದು ಬಾಗಿಲಲ್ಲಿ ಬಗ್ಗಿ ಒಳಗೆ ಹೋಯಿತು.

ಒಂದೇ ಕೋಣೆ. ಜಾಹೇದಾ ಚಾಚಿ ಒಲೆಯ ಮುಂದೆ ಕುಳಿತಿದ್ದಳು, ಮೊದಲಿಗಿಂತ ಕುಗ್ಗಿ ಸಣ್ಣವಳಾಗಿ. ಮರದ ಕೊಣಮಿಗೆಯಲ್ಲಿ ಹಿಟ್ಟು ಕಲಸುತ್ತಿದ್ದವಳು ತಲೆ ಎತ್ತಿ ಬಾಗಿಲ ಬೆಳಕಿನಲ್ಲಿ ನಿಂತವನನ್ನು ಹುಡುಕಿದಳು.

“ಬಂದೇನೋ ಶಿವರಾಜ? ಮುಂದ ಬಾ. ಇನ್ನೂ ಮುಂದ ಬಾ, ಕಣ್ಣು ಮಂಜ ಆಗ್ಯಾವ.” ಹಿಟ್ಟಿನ ಕೈಯಲ್ಲೇ ಅವನ ಗಲ್ಲ ಹಿಡಿದಳು. “ಥೇಟ್ ಮನ್ಮಥಪ್ಪಣ್ಣನ ಮಾರಿ. ಗುರಮ್ಮಕ್ಕ ಹ್ಯಾಂಗಿದ್ದಾಳ? ಮೊಣಕಾಲ ಬ್ಯಾನಿ?”

“ಅರಾಮ ಇದ್ದಾಳ್ರಿ ಚಾಚಿ. ಬ್ಯಾನಿ ಅದ.”

“ಎಮ್ಮಿ?”

“ಮಾರಿದ್ರು.”

“ಒದ್ದು ಒದ್ದು ಮಾರಿಸ್ಕೊಂಡ್ತು ಕಡೀಕ.” ಅವಳು ನಕ್ಕು ರೊಟ್ಟಿ ಬಡಿಯತೊಡಗಿದಳು. ಆ ಸದ್ದು, ಅಂಗೈಯಿಂದ ಅಂಗೈಗೆ, ಭಾಲ್ಕಿಯ ಓಣಿಯ ಪ್ರತಿ ಮುಂಜಾವಿನ ಸದ್ದು. “ಇಲ್ಲೂ ಜ್ವಾಳ ಸಿಗ್ತದ, ತಿಳೀತೇನು? ನಾ ಹೌಹಾರಿದೆ ನೋಡಿ. ಆದ್ರ ರುಚಿ ಇಲ್ಲ. ಹಗೇವಿನ ಜ್ವಾಳಕ್ಕ ಒಂಥರಾ ಹುಳಿ ವಾಸನಿ ಇರ್ತದಲ್ಲ, ಅದಿಲ್ಲ. ಔರಾದದಾಗ ನಮ್ಮ ಅಪ್ಪನ ಮನ್ಯಾಗ ಎರಡು ಹಗೇವು. ಬಾಯಿ ತಗದ ದಿನ ನಮಗ ಹುಡುಗರಿಗಿ ಹತ್ರ ಬಿಡ್ತಿದ್ದಿಲ್ಲ. ಉಣ್ಣು, ಉಣ್ಣು. ಯಾಕ ಹಂಗ ಕುಂತಿ?”

ಮುಂದಿಟ್ಟ ರೊಟ್ಟಿಯನ್ನು ಅವನು ಮುರಿದ. ಬಾಯಿಗಿಟ್ಟ. ಅಗಿದ. ಪುಂಡಿಪಲ್ಯವಿಲ್ಲದೆ ಕರೀ ಕಾಳಿನ ಯಾವುದೋ ಸಾರು. ನುಂಗುವುದನ್ನು ಒಂದು ಕೆಲಸದಂತೆ ಮಾಡಿದ. ಅವಳು ಕೇಳುತ್ತಲೇ ಇದ್ದಳು: ಬೀದರಿನ ಚೌಬಾರಾ ಬುರುಜು ಹಾಗೆಯೇ ಇದೆಯೇ, ತಮ್ಮ ಮನೆಯಲ್ಲಿ ಈಗ ಯಾರಿದ್ದಾರೆ, ಬಾಗಿಲಿನ ಚಿಲಕ ಬದಲಾಯಿಸಿದರೇ. ಅವನು ಪ್ರತಿಯೊಂದಕ್ಕೂ ನಿಜವನ್ನೇ ಹೇಳಿದ, ನಿಖರವಾಗಿ ಹೇಳಿದ. ಸಣ್ಣ ನಿಜಗಳನ್ನು ಒಂದರ ಮೇಲೊಂದು ಒಟ್ಟುತ್ತ ಹೋದರೆ ದೊಡ್ಡದೊಂದು ಮುಚ್ಚಿಹೋಗುತ್ತದೆಂಬ ಹಾಗೆ. ಹನ್ನೊಂದೂ ನಲವತ್ತು. ಹನ್ನೊಂದೂ ಐವತ್ತು. ಯುನುಸ ಎದ್ದು ಬಾಗಿಲಿಗೆ ಹೋಗಿ ನೆರಳು ನೋಡಿದ. “ಮೋಟಾರ ಸಿಗಬೇಕು. ಇನ್ನ ಹೊರಡ್ಬೇಕು ಅಮ್ಮಿ.”

ಶಿವರಾಜಪ್ಪ ಎದ್ದ. ಆಗಿಹೋಯಿತು ಎಂದುಕೊಂಡ. ಹೇಳಲಾರೆ. ಎರಡು ವರ್ಷದ ಮೇಲೆ ಮರಳುವಾಗಲೂ ಹಡಗು ಇಲ್ಲಿ ನಿಲ್ಲುತ್ತದೆ, ಆಗಲೂ ಹೇಳಲಾರೆ, ಇವಳು ಸಾಯುತ್ತಾಳೆ, ನಾನು ಬದುಕುತ್ತೇನೆ, ಜನರು ನನ್ನ ಅಂಕಿಗಳನ್ನು ನಂಬುತ್ತಾರೆ. ಅಂದು ಹಗ್ಗ ಹಿಡಿದಿದ್ದ ಕೈಯಲ್ಲಿ ಈಗ ಏನೂ ಇರಲಿಲ್ಲ. ಆದರೂ ಬೆರಳು ಮಡಚಿಕೊಂಡೇ ಇದ್ದವು. ಅವನು ಬಗ್ಗಿ ಅವಳ ಪಾದ ಮುಟ್ಟಹೋದಾಗ ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

“ಕುಂದ್ರು. ಒಂದೇ ಮಾತು ಕೇಳ್ತೇನಿ.”

“ಅಮ್ಮಿ, ವ್ಯಾಳ್ಯಾ ಆಗ್ಯದ.”

“ನೀ ಸುಮ್ಕಿರೋ. ಇದರ ಸಲುವಾಗೇ ಅವನ್ನ ಕರಸೀನಿ.” ಶಿವರಾಜಪ್ಪ ಕುಳಿತ. ಅವಳು ಅವನ ಕಡೆ ತಿರುಗಿದಳು. “ಡೇರ್ಯಾಗ ಇದ್ದಾಗ ಒಬ್ಬಾಕಿ ಹೇಳಿದ್ಲು. ಆ ದಿನದಾಗ ಗಡಬಡಿಸಿ ಮಣ್ಣು ಕೊಟ್ಟವರ್ನ ನಾಯಿ ಎಳದು ತಗದ್ವು ಅಂತ. ಮ್ಯಾಲ ಮ್ಯಾಲ ತೋಡಿದ್ರಂತ, ಒಂದು ಗೇಣು, ಎರಡು ಗೇಣು. ಅವತ್ತಿನಿಂದ ಕಣ್ಣು ಮುಚ್ಚಿದ್ರ ನನಗ ನಾಯಿ ಕಾಣ್ತಾವ. ಮೂರೂವರಿ ವರ್ಷ ಆತು. ಇವನಿಗಿ ಹೇಳಿದ್ರ ಹುಚ್ಚಿ ಅಂತಾನ. ಆಣಿ ಕಸಮು ಬ್ಯಾಡ ನನಗ. ‘ಛಲೋ ಮಾಡೇವಿ ಚಾಚಿ’ ಅನಬ್ಯಾಡ. ನೀ ಕಲತಾಂವ ಇದ್ದಿ, ಅಂಕಿ ಹೇಳು. ಎಷ್ಟು ಆಳ ತೋಡಿದ್ರಿ?”

“ಹೇಳಿಬಿಡೋ,” ಎಂದ ಯುನುಸ ಬಾಗಿಲಿನಿಂದ. “ನಾಲ್ಕು ಅಡಿ ಇದ್ರ ನಾಯಿ ಮುಟ್ಟಂಗಿಲ್ಲ. ಮಣ್ಣು ಕೊಡೋ ಯಾವ ಖಬರೂ ಐದು ಅಡಿ ದಾಟಂಗಿಲ್ಲ ಅಂತ ನಾನೇ ಇಕಿಗಿ ಸಾವಿರ ಸರ್ತಿ ಹೇಳೀನಿ.”

ಐದು ಎಂದರೆ ಸಾಕಿತ್ತು. ಅವಳಿಗೆ ಈ ದಿನವೇ ನಿದ್ದೆ ಬರುತ್ತಿತ್ತು, ಅವನಿಗೆ ಲಾಂಚು ಸಿಗುತ್ತಿತ್ತು. ಇಬ್ಬರಿಗೂ ಒಳ್ಳೆಯದಾಗುವ ಆ ಅಂಕಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸುಳ್ಳನ್ನು ಅವನು ಮಾತಿನಲ್ಲಿ ಎಷ್ಟೋ ಸಲ ಹೇಳಿದ್ದ. ಅಳತೆಯಲ್ಲಿ ಇನ್ನೂ ಹೇಳಿರಲಿಲ್ಲ. ತನ್ನಲ್ಲಿ ಕೆಡದೆ ಉಳಿದದ್ದು ಏನಾದರೂ ಇದ್ದರೆ ಇದೊಂದೇ ಎಂದು ಅವನಿಗೆ ಆಗ ಹೊಳೆಯಿತು. ಅದನ್ನೂ ಬಿಟ್ಟರೆ ಮುಂದೆ ಹಡಗು ಹತ್ತುವವನು ಯಾರು?

“ಹನ್ನೊಂದು ಅಡಿ,” ಎಂದ.

ಯುನುಸ ನಗಲು ಹೋದ. “ಖಬರ್ ತೋಡಿದ್ರೋ ಬಾವಿ ತೋಡಿದ್ರೋ?”

ಜಾಹೇದಾ ನಗಲಿಲ್ಲ. ಅವಳ ಕೈ ಅವನ ಮಣಿಕಟ್ಟಿನ ಮೇಲೆಯೇ ಇತ್ತು. ಹಿಟ್ಟು ಒಣಗಿ ಬಿರಿಯುತ್ತಿತ್ತು. ಒಲೆಯಲ್ಲಿ ಕಟ್ಟಿಗೆಯೊಂದು ಕುಸಿಯಿತು. ಅವಳು ಅವನ ಮುಖವನ್ನಲ್ಲ, ಅವನ ಮುಂದಿನ ನೆಲವನ್ನು ನೋಡಿದಳು, ಅಲ್ಲಿ ಏನನ್ನೋ ಮೇಲಿನಿಂದ ಬಗ್ಗಿ ನೋಡುವವಳಂತೆ. ಮತ್ತೆ ಬಾಯಿ ತೆರೆದಾಗ ಅವಳ ದನಿ ಒಕ್ಕಲಿನ ಮನೆಯ ಹುಡುಗಿಯದಾಗಿತ್ತು.

“ಬಾಯಿ ಎಷ್ಟು ಅಗಲ?”

ಯುನುಸ ಬಾಗಿಲು ಬಿಟ್ಟು ಒಳಗೆ ಬಂದ. ತಾಯಿಯನ್ನು ನೋಡಿದ, ಇವನನ್ನು ನೋಡಿದ. ದೂರದ ನೀರಿನ ಮೇಲೆ ಹಡಗು ಮೊದಲನೆಯ ಸಲ ಕೂಗಿತು. ಶಿವರಾಜಪ್ಪ ಏಳಲಿಲ್ಲ.

“ಇಪ್ಪತ್ತೆರಡು ಇಂಚು.”